ಕುದುರೆಗೆ ಕಣ್ಣಿದೆಯಲ್ಲ

ಮನೆಯಿಂದ,
ಹತ್ತನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಆ ಸೆಕೆಯಲ್ಲಿ ಹೊತ್ತುಹೊತ್ತಿಗೆ ನೀರು ಕುಡಿಯುತ್ತೀಯೋ, ಇಲ್ಲ ಇಲ್ಲಿದ್ದ ಹಾಗೇ ಕೆಲಸ ಸಿಕ್ಕಿತೆಂದರೆ ಮೈಮೇಲೆ ಎಚ್ಚರವಿಲ್ಲದೆ ನಿಲ್ಲುತ್ತೀಯೋ? ನನ್ನ ಮಂಡಿ ಇದ್ದ ಹಾಗೇ ಇದೆ. ಅಳಿಯಂದಿರು ಆರೋಗ್ಯವಾಗಿದ್ದಾರೆ. ಚಿನಕುರಳಿಗೆ ಏನೂ ಆಗಿಲ್ಲ. ಇದನ್ನು ಎರಡು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು: ನಿನ್ನ ಮಗಳಿಗೆ ಏನೂ ಆಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೆ ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರುತ್ತದೆಂದು ಅಳಿಯಂದಿರು ಹೇಳಿದರು.

ಶುಕ್ರವಾರ ಸ್ಪರ್ಧೆ ಇತ್ತು. ನೀನು ಒಂದು ದಿನವೂ ಬಂದು ನೋಡಿದವಳಲ್ಲ, ನೋಡಲು ಧೈರ್ಯವಿಲ್ಲ ಎಂದೇ ಹಡಗು ಹತ್ತಿದವಳು, ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ. ಪ್ಯಾರಾ ಡ್ರೆಸಾಜ್ ಎಂಬ ಈ ಅಂಗವಿಕಲರ ಕುದುರೆಸವಾರಿ ಓಟದ ಪಂದ್ಯವೂ ಅಲ್ಲ, ಜಿಗಿತವೂ ಅಲ್ಲ. ಮರಳು ಹಾಸಿದ ಉದ್ದನೆಯ ಅಂಗಳ, ಸುತ್ತ ಮೊಣಕಾಲೆತ್ತರದ ಬಿಳಿ ಬೇಲಿ, ಬೇಲಿಯ ಪಕ್ಕದಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರದ ಹಲಗೆ. ಇಂಥ ಅಕ್ಷರದ ಹತ್ತಿರ ನಡಿಗೆ, ಇಂಥಲ್ಲಿ ಓಟ, ಇಂಥಲ್ಲಿ ತಿರುವು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಕಣ್ಣು ಕಾಣದ ಸವಾರರಿಗೆ ಪ್ರತಿ ಅಕ್ಷರದ ಹತ್ತಿರ ಒಬ್ಬರು ನಿಂತು ಆ ಅಕ್ಷರವನ್ನು ಕೂಗಬಹುದು. ನಾನು ‘ಸಿ’. ಈ ವಯಸ್ಸಿನಲ್ಲಿ ಹೊಲಿಸಿಕೊಂಡ ಕೋಟು ಹಾಕಿಕೊಂಡು ಜಡ್ಜುಗಳ ಮೂಗಿನ ಕೆಳಗೆ ನಿಂತು ‘ಸಿ, ಸಿ’ ಎಂದು ಕೂಗುತ್ತೇನೆ. ಅಳಿಯಂದಿರು ‘ಬಿ’. ಅವರ ದನಿ ನಿನಗೆ ಗೊತ್ತೇ ಇದೆ, ಮನೆಯಲ್ಲಿ ಉಪ್ಪು ಕೇಳಿದರೂ ಕೇಳಿಸುವುದಿಲ್ಲ. ಉಳಿದ ಅಕ್ಷರಗಳಿಗೆ ಲಾಯದ ಹುಡುಗಿಯರು.

ನಮ್ಮ ಕುದುರೆ ದೊರೆಸಾನಿಯ ಬಲಗಣ್ಣಿನ ಕಾಯಿಲೆ ನಿನಗೆ ಗೊತ್ತಿದ್ದದ್ದೇ. ಆಗಾಗ ಊದಿಕೊಂಡು ನೀರು ಸುರಿಯುವುದು, ಬಿಸಿಲಿಗೆ ಆಗದೆ ರೆಪ್ಪೆ ಮುಚ್ಚುವುದು. ಔಷಧಿ ಬಿಡುವುದು ನನ್ನ ಪಾಲಿನ ಕೆಲಸ. ಆ ಕಣ್ಣು ಸರಿಯಾಗಿ ಕಾಣದ್ದರಿಂದ ಬಲಗಡೆಯಿಂದ ಹೋಗುವಾಗ ಮೊದಲು ಮಾತನಾಡಿಸಿ ಆಮೇಲೆ ಮುಟ್ಟಬೇಕು, ಹೊರಗೆ ಬಿಡುವಾಗ ಮುಖಕ್ಕೆ ಜಾಲರಿ ಕಟ್ಟಬೇಕು, ನೀರಿನ ಬಕೆಟ್ಟನ್ನು ಇಟ್ಟ ಜಾಗದಿಂದ ಕದಲಿಸಬಾರದು. ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದೆವು. ಎಡಗಣ್ಣು ಚೆನ್ನಾಗಿಯೇ ಇದೆ ಎಂದುಕೊಂಡಿದ್ದೆವು. ನೀನು ಹೊರಡುವ ದಿನ ಬಾಗಿಲಲ್ಲಿ ನಿಂತು ಅತ್ತಾಗ ನಾನು ಏನು ಹೇಳಿ ಸಮಾಧಾನ ಮಾಡಿದ್ದೆ, ನೆನಪಿದೆಯಾ? ‘ಇವಳಿಗಿಲ್ಲದಿದ್ರೆ ಏನಾಯ್ತು, ಕುದುರೆಗೆ ಕಣ್ಣಿದೆಯಲ್ಲ’ ಎಂದಿದ್ದೆ. ಆ ಒಂದು ಮಾತಿನ ಮೇಲೆ ನೀನು ಒಪ್ಪಿದ್ದೆ.

ಶುಕ್ರವಾರ ಸವಾರಿ ಎಷ್ಟು ಚೆನ್ನಾಗಿ ಶುರುವಾಯಿತೆಂದರೆ ನನಗೆ ಕೂಗುವುದೂ ಮರೆತುಹೋಗುವುದರಲ್ಲಿತ್ತು. ಚಿನಕುರಳಿ ನೆಟ್ಟಗೆ ಕೂತಿದ್ದಳು, ಭುಜ ಅಲುಗಾಡಲಿಲ್ಲ. ದೊರೆಸಾನಿ ತನ್ನ ಮಾಮೂಲಿ ಗತ್ತಿನಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಈಚೆಗೆ ಆ ನಡಿಗೆಯನ್ನು ಎಲ್ಲರೂ ಹೊಗಳುತ್ತಿದ್ದರು. ಅಂಗಳವನ್ನು ಅಡ್ಡಲಾಗಿ ದಾಟಿ ‘ಬಿ’ ಹತ್ತಿರ ಬಲಕ್ಕೆ ತಿರುಗಬೇಕಿತ್ತು. ಸಣ್ಣ ಓಟದಲ್ಲಿ ಬರುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮೈದಾನದ ಧ್ವನಿವರ್ಧಕದಲ್ಲಿ ಯಾರೋ ಗೆದ್ದವರ ಹೆಸರು ಕೂಗಿದರು, ಜನ ಹೋ ಎಂದರು. ಅಳಿಯಂದಿರ ಬಾಯಿ ಆಡಿದ್ದು ನನಗೆ ಕಂಡಿತು, ದನಿ ಕೇಳಲಿಲ್ಲ. ಕೇಳದಿದ್ದರೇನಂತೆ, ಎದುರಿಗೆ ಬಿಳಿ ಬೇಲಿ ಇದೆ, ಬೇಲಿಯಾಚೆ ಆಳೆತ್ತರದ ಮನುಷ್ಯ ಕೈ ಬೀಸುತ್ತಿದ್ದಾನೆ. ಕಣ್ಣಿರುವ ಯಾವ ಕುದುರೆಯಾದರೂ ತಾನಾಗಿ ನಿಲ್ಲುತ್ತದೆ. ದೊರೆಸಾನಿ ನಿಲ್ಲಲಿಲ್ಲ. ನಿಧಾನಿಸಲೂ ಇಲ್ಲ. ಏನೂ ಇಲ್ಲವೇನೋ ಎಂಬಂತೆ ಹಾಗೇ ಹೋಗಿ ಬೇಲಿಗೆ ನುಗ್ಗಿತು. ಹಲಗೆ ಲಟಕ್ಕೆಂದು ಮುರಿಯಿತು, ಕುದುರೆ ಮುಂಗಾಲೂರಿ ಮುಗ್ಗರಿಸಿತು, ಮಗು ಅದರ ಕುತ್ತಿಗೆಯ ಮೇಲೆ ಕವುಚಿಬಿದ್ದು ಜೂಲು ಹಿಡಿದುಕೊಂಡಳು. ಕೆಳಗೆ ಬೀಳಲಿಲ್ಲ. ಅಳಿಯಂದಿರು ಹಾರಿ ಲಗಾಮು ಹಿಡಿದರು.

ಸವಾರಿ ಕಲಿಸುವ ಕೋಚಮ್ಮ ಓಡಿಬಂದವಳು ಕುದುರೆಯ ಮುಖವನ್ನೊಮ್ಮೆ ನೋಡಿ ಬಿಳಿಚಿಕೊಂಡಳು. ಲಾಯಕ್ಕೆ ಕರೆದುಕೊಂಡು ಹೋದ ಮೇಲೆ ಕುದುರೆ ಡಾಕ್ಟರು ಬಂದರು. ಹಿಂದಿನ ದಿನ ಇವರೇ ದೊರೆಸಾನಿಯ ಕಾಲು ಒತ್ತಿ, ಓಡಿಸಿ ನೋಡಿ, ಸರಿಯಿದೆ ಎಂದಿದ್ದವರು. ಈಗ ಒಂದು ಹತ್ತಿಯ ಉಂಡೆ ತೆಗೆದು ಬಲಗಣ್ಣಿನ ಮುಂದೆ ಬಿಟ್ಟರು. ರೆಪ್ಪೆ ಅಲುಗಲಿಲ್ಲ. ಅದನ್ನು ನಿರೀಕ್ಷಿಸಿದ್ದೆವು. ಎಡಗಣ್ಣಿನ ಮುಂದೆ ಬಿಟ್ಟರು. ಆಗಲೂ ಅಲುಗಲಿಲ್ಲ. ಇನ್ನೊಮ್ಮೆ ಬಿಟ್ಟರು. ಆಮೇಲೆ ಬೆಳಕು ಹಾಕಿ ಬಹಳ ಹೊತ್ತು ನೋಡಿ ದೀಪ ಆರಿಸಿದರು. ‘ಎರಡೂ ಹೋಗಿದೆ ಅಜ್ಜಿ. ಇವತ್ತು ನಿನ್ನೆ ಹೋಗಿದ್ದಲ್ಲ. ತಿಂಗಳುಗಳೇ ಆಗಿರ್ಬೇಕು’ ಎಂದರು. ಕೋಚಮ್ಮ, ‘ಸಾಧ್ಯನೇ ಇಲ್ಲ ಡಾಕ್ಟ್ರೇ, ದಿನಾ ಇದೇ ಪಾಠ ತಪ್ಪಿಲ್ದೆ ಮಾಡ್ತಿದೆ’ ಎಂದಳು. ‘ಮೆಲ್ಲಮೆಲ್ಲಗೆ ಹೋದ್ರೆ ಪ್ರಾಣಿಗಳು ಹೊಂದ್ಕೊಂಡು ಬಿಡ್ತವೆ. ಅಷ್ಟು ಎತ್ತಿ ಎತ್ತಿ ಹೆಜ್ಜೆ ಇಡೋದು ನೀವು ಗತ್ತು ಅಂದ್ಕೊಂಡ್ರಿ. ನೆಲ ಎಲ್ಲಿದೆ ಅಂತ ಅದು ತಡಕಾಡ್ತಿತ್ತು’ ಎಂದರು. ಮಗಳೇ, ಹುಲ್ಲಿನ ಕಟ್ಟಿನ ಮೇಲೆ ಕೂತುಬಿಟ್ಟೆ. ದಿನಬೆಳಗಾದರೆ ಆ ಮುಖವನ್ನು ಎರಡು ಕೈಯಲ್ಲಿ ಹಿಡಿದು ಔಷಧಿ ಬಿಡುತ್ತಿದ್ದವಳು ನಾನು. ನಾನು ಅದರ ಕಣ್ಣೊಳಗೆ ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿರಲಿಲ್ಲ.

ಚಿನಕುರಳಿ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ‘ಹಾಗಾದ್ರೆ ಇಷ್ಟು ದಿನ ದಾರಿ ನೋಡ್ತಿದ್ದೋರು ಯಾರಜ್ಜಿ?’ ಎಂದಳು. ಆಮೇಲೆ ಅವಳೇ, ‘ನಾನು ಕಿವಿ ಕೊಡ್ತಿದ್ದಾಗ ಅದೂ ಕಿವಿ ಕೊಡ್ತಿತ್ತು’ ಎಂದಳು. ಇವಳು ಕುದುರೆಯನ್ನು ನಂಬಿ ಕೂತಿದ್ದಾಳೆ, ಕುದುರೆ ನಮ್ಮ ಕೂಗನ್ನು ನಂಬಿ ನಡೆಯುತ್ತಿದೆ, ನಾವು ಕುದುರೆಗೆ ಕಣ್ಣಿದೆ ಎಂದು ನಿಶ್ಚಿಂತೆಯಿಂದ ಕೋಟು ಹೊಲಿಸಿಕೊಳ್ಳುತ್ತಿದ್ದೇವೆ! ಅಷ್ಟು ತಿಂಗಳು ಕುದುರೆ, ಮಗು ಇಬ್ಬರೂ ನಮ್ಮ ಅಳಿಯಂದಿರ ದನಿಯನ್ನು ನೆಚ್ಚಿಕೊಂಡು ಓಡಾಡಿದ್ದಾರೆ!

ಬಲಗಣ್ಣಿನೊಳಗೆ ಒತ್ತಡ ಏರಿ ವಿಪರೀತ ನೋವಿರುತ್ತದೆ, ತೆಗೆದುಬಿಡುವುದೇ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಬರುವ ವಾರ ಆಪರೇಷನ್. ಅದನ್ನು ಕೇಳಿದಾಗ ಮಾತ್ರ ಮಗು ಹೋಗಿ ದೊರೆಸಾನಿಯ ಕೆನ್ನೆಗೆ ಕೆನ್ನೆ ಕೊಟ್ಟು ನಿಂತಳು. ‘ನಂಗೂ ಕಣ್ಣು ಹೋಗೋವಾಗ ಹಿಂಗೇ ನೋಯ್ತಿತ್ತು ಕಣೇ, ಹೇಳೋಕೆ ಬಾಯಿತ್ತು ಅಷ್ಟೆ’ ಎಂದಳು, ಕುದುರೆಗೆ. ನಾನು ಹೊರಗೆ ಎದ್ದುಬಂದೆ.

ಸ್ಪರ್ಧೆಯಿಂದ ತೆಗೆದುಹಾಕಿದರು, ಅದು ಸರಿಯೇ. ಕಣ್ಣಿಲ್ಲದ ಕುದುರೆಯನ್ನು ಮತ್ತೆ ಅಂಗಳಕ್ಕೆ ಬಿಡುವ ಮಾತೇ ಇಲ್ಲವಂತೆ. ಕೋಚಮ್ಮ ಬೇರೆ ಕುದುರೆ ಕೊಡುತ್ತೇನೆ ಎಂದಿದ್ದಾಳೆ, ಕಣ್ಣು ಎರಡೂ ಚೆನ್ನಾಗಿರುವುದನ್ನು ನಾನೇ ಹತ್ತಿ ಹಿಡಿದು ನೋಡಿ ಬರುತ್ತೇನೆ. ದೊರೆಸಾನಿ ನಮ್ಮ ಲಾಯದಲ್ಲೇ ಹಾಯಾಗಿರಲಿ. ಆದರೆ ಇನ್ನು ಅದರ ಬೆನ್ನ ಮೇಲೆ ನಿನ್ನ ಮಗಳು ಹತ್ತಕೂಡದು. ಇದನ್ನು ಚಿನಕುರಳಿಯ ಮುಖಕ್ಕೇ ಹೇಳಿದ್ದೇನೆ, ಅಳಿಯಂದಿರೂ ತಲೆಯಾಡಿಸಿದ್ದಾರೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನೀನು ಅಲ್ಲಿ ನಡುನೀರಿನಲ್ಲಿ ಕೂತು ಕಂಗಾಲಾಗಬೇಡ. ನಾನಿದ್ದೇನೆ.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಹೋದಲ್ಲೆಲ್ಲ ಸಮುದ್ರ ನಿನ್ನ ಮಾತು ಕೇಳಲಿ, ನೂರು ವರ್ಷ ಚೆನ್ನಾಗಿ ಬಾಳು.

ಇಂತಿ,
ನಿನ್ನ ಅಮ್ಮ

ತಾಜಾ ಕಲಂ: ಲಕೋಟೆ ಅಂಟಿಸುವುದರಲ್ಲಿದ್ದೆ, ಹೊರಗೆ ಗೊರಸಿನ ಸದ್ದಾಯಿತು. ಓಡಿಹೋದರೆ ಮನೆಯ ಹಿಂದೆ ಅಕ್ಷರದ ಹಲಗೆ ನೆಟ್ಟ ಅಭ್ಯಾಸದ ಅಂಗಳದಲ್ಲಿ ಇವಳು ದೊರೆಸಾನಿಯ ಮೇಲೆ ಕೂತಾಗಿದೆ. ‘ಇಳಿಯೇ’ ಎಂದು ಬೈದೆ. ‘ಬೈಯೋ ಬದಲು ಕೂಗಜ್ಜಿ’ ಎಂದಳು. ಏನು ಮಾಡಲಿ, ಮೇಲಿದ್ದಾಳಲ್ಲ, ಕೂಗಲೇಬೇಕಾಯಿತು. ಈ ಮಂಡಿ ಕಟ್ಟಿಕೊಂಡು ಅಕ್ಷರದಿಂದ ಅಕ್ಷರಕ್ಕೆ ಓಡಿದೆ. ‘ಬಿ’ಗೆ ಓಡುವಷ್ಟರಲ್ಲಿ ಉಸಿರು ಸಿಕ್ಕಿಹಾಕಿಕೊಂಡು ದನಿಯೇ ಬರಲಿಲ್ಲ. ಬೇಲಿ ಇನ್ನೇನು ಎದುರಿಗೇ ಇತ್ತು. ಅವಳು ಕಾಯಲಿಲ್ಲ. ಹೆಜ್ಜೆಗಳನ್ನು ಬಾಯಲ್ಲೇ ಎಣಿಸಿಕೊಳ್ಳುತ್ತಿದ್ದಳೆಂದು ಆಗ ತಿಳಿಯಿತು. ‘ಬಾ ತಾಯಿ, ಈ ಕಡೆ’ ಎನ್ನುತ್ತ ತಾನೇ ತಿರುಗಿಸಿದಳು. ದೊರೆಸಾನಿ ತಿರುಗಿತು. ಸಾಕಾಗುವಷ್ಟು ಸುತ್ತಿ ಇಳಿದ ಮೇಲೆ ಹೇಳುತ್ತಾಳೆ, ಸ್ಪರ್ಧೆಗೆ ಬೇರೆ ಕುದುರೆ ಆಗಲಿ, ಆದರೆ ದಿನಾ ಬೆಳಿಗ್ಗೆ ಇದನ್ನು ನಡೆಸುವವಳು ನಾನೇ, ಅಮ್ಮ ಬೇಡ ಎಂದರೆ ಮಾತ್ರ ಬಿಡುತ್ತೇನೆ ಎಂದು. ನನ್ನ ಮಾತಿಗೆ ಕವಡೆಕಾಸಿನ ಕಿಮ್ಮತ್ತಿಲ್ಲ, ನೋಡು. ಬಂದರಿನಿಂದಲೇ ಫೋನ್ ಮಾಡು. ಬೇಡ ಅನ್ನಬೇಡ ಕಣೇ.