ತಲೆಯಾಡಿಸಿದ ಪಿಟೀಲಿನವನು

ಕಂಡವರ ಕಾಗದ ಓದುವವರೇ, ಕೆಳಗಿಡಿ. ಇದು ಮಣ್ಣು ಸೇರಿದ ನನ್ನ ಗಂಡನಿಗೆ.

ಎವರಿಸ್ತೋ, ನೀವು ಬರೆದಿಟ್ಟುಹೋದ ಆ ಅಳುಮುಂಜಿ ಟ್ಯಾಂಗೋ ಕುಣಿತದ ಮಟ್ಟನ್ನು ನಿನ್ನೆ ಬ್ಯೂನಸ್ ಐರಿಸ್‌ನ ಸಭಾಂಗಣದಲ್ಲಿ ಐದು ಜನ ನುಡಿಸಿದರು. ಕೇಳುವವರು ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದರು. ಶುರುವಿಗೆ ಮುಂಚೆ ಪಿಟೀಲಿನವನು ನನ್ನ ಕಡೆ ನೋಡಿ ತಲೆಯಾಡಿಸಿದ. ನಮ್ಮ ಟ್ಯಾಂಗೋ ಕೂಟಗಳಲ್ಲಿ ಗಂಡಸು ಹಾಗೆ ಹೆಂಗಸಿನ ಕಡೆ ತಲೆಯಾಡಿಸಿದರೆ ಕುಣಿಯಲು ಕರೆದಂತೆ ತಾನೇ? ಎದ್ದು ವೇದಿಕೆಯವರೆಗೂ ಹೋದೆ.

“ಅಜ್ಜೀ, ಬಾ ಈಚೆ. ಅವ್ನು ಜೊತೆಯವ್ರಿಗೆ ಶುರು ಮಾಡಿ ಅಂದಿದ್ದು,” ಎಂದು ಮೊಮ್ಮಗಳು ಶಾಲು ಹಿಡಿದೆಳೆದಳು.

“ಮೊದ್ಲೇ ಹೇಳ್ಬಾರ್ದಿತ್ತೇನೇ? ಕುಣಿಯೋ ಚಪ್ಲಿ ಹಾಕ್ಕೊಂಡೇ ಬಂದಿದೀನಿ.”

ಬದುಕಿಡೀ ಬ್ಯಾಂಡೋನಿಯನ್ ವಾದ್ಯದ ತಿದಿ ಒತ್ತುತ್ತ ಊರವರನ್ನೆಲ್ಲ ಕುಣಿಸಿದಿರಿ. ನಾನು ಗೋಡೆಗೊರಗಿ ನಿಮ್ಮ ಕೋಟು ಕಾದೆ.

ಬರುವ ತಿಂಗಳು ಮತ್ತೆ ನುಡಿಸುತ್ತಾರಂತೆ. ಅಷ್ಟರೊಳಗೆ ಉತ್ತರ ಬರೆಯಿರಿ. ಬರೆಯಲು ಸೋಮಾರಿತನವಾದರೆ ತಲೆಯಾಡಿಸಿ, ಸಾಕು.