ನಾನೂರೈವತ್ತು ಡಿಗ್ರಿಯ ಗಾಜು

ಉದಗೀರ
14 ನವೆಂಬರ್ 2006

ಶ್ರೀ ವಿರೂಪಾಕ್ಷ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಹದಿನೈದು ತಿಂಗಳು ಒಂದು ಸಾಲೂ ಬರೆಯದವರು ಈಗ ಎರಡು ಪುಟ ಬರೆದಿದ್ದೀರಿ. ಮೊದಲ ಪುಟದ ತುಂಬ ನನ್ನ ಆರೋಗ್ಯ, ಎರಡನೆಯದರ ತುಂಬ ನನ್ನ ಲ್ಯಾಬ್ ನೋಟ್‌ಬುಕ್. ಬೆಣ್ಣೆ ಹಚ್ಚುವುದೂ ನಿಮಗೆ ಸರಿಯಾಗಿ ಬರುವುದಿಲ್ಲ.

ಟಿವಿ ಪರದೆಯ ಗಾಜು ಹೆಚ್ಚು ಕಾವಿಗೆ ಮೆತ್ತಗಾಗಿ ಬಾಗುತ್ತದೆ ಎಂದು ಎಲ್ಲರೂ ಕೈಚೆಲ್ಲಿದ್ದಾಗ, ಬರೀ ನಾನೂರೈವತ್ತು ಡಿಗ್ರಿಯಲ್ಲೇ ಅದರ ಮೇಲೆ ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಇಂಗಾಲದ ನ್ಯಾನೋ ಕೊಳವೆ ಬೆಳೆಸಿದವರು ನಾವಿಬ್ಬರು. ಸೂಕ್ಷ್ಮದರ್ಶಕದಲ್ಲಿ ಅವು ಜೋಳದ ಹೊಲದ ಹಾಗೆ ನೆಟ್ಟಗೆ ನಿಂತದ್ದು ಕಂಡು ನಾನು ಅತ್ತುಬಿಟ್ಟಿದ್ದೆ. ಅಷ್ಟರಲ್ಲಿ ನಿಮ್ಮವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂರು ತಿಂಗಳು ನೋಡಿಕೋ ಎಂದು ನನ್ನನ್ನು ಪುಣೆಯಿಂದ ಇಲ್ಲಿಗೆ ಕಳಿಸಿದಿರಿ. ನಮ್ಮ ಪ್ರಬಂಧ ಅಚ್ಚಾದಾಗ ಅದರಲ್ಲಿ ನನ್ನ ಹೆಸರೇ ಇಲ್ಲ. ಲ್ಯಾಬಿನ ವೈಷ್ಣವಿ ಕೇಳಿದ್ದಕ್ಕೆ “ಆಕಿ ಬರೇ ಗಾಜು ವರಸ್ತಿದ್ಳು” ಅಂದಿರಂತೆ.

ಈಗ ಕೊಳವೆಗಳು ಸಿಕ್ಕುಸಿಕ್ಕಾಗಿ ಬೆಳೆಯುತ್ತಿವೆ, ಡಿಸೆಂಬರ್ ಹತ್ತಕ್ಕೆ ಟಿವಿ ಕಂಪನಿಯವರು ನೋಡಲು ಬರುತ್ತಾರೆ, ಏನು ಗುಟ್ಟು ಬರೆದಿಟ್ಟಿದ್ದೀ ಎಂದು ಕೇಳುತ್ತೀರಿ. ನೋಟ್‌ಬುಕ್ಕಿನಲ್ಲಿ ಯಾವ ಗುಟ್ಟೂ ಇಲ್ಲ. ತೊಂದರೆ ಇರುವುದು ನಿಮ್ಮ ಬೆರಳಲ್ಲಿ.

ನಿಮ್ಮಪ್ಪ ಕಾಳಿನ ದಲಾಲಿಯ ಅಡತ ಅಂಗಡಿಯಲ್ಲಿ ದಿನಾ ತಕ್ಕಡಿಗೆ ವಿಭೂತಿ ಹಚ್ಚಿಯೇ ವ್ಯಾಪಾರ ಶುರು ಮಾಡುತ್ತಿದ್ದರು. ನೀವು ಅದೇ ರೂಢಿಯಿಂದ ಕೊಳವೆ ಬೆಳೆಸುವ ಯಂತ್ರದ ಬಾಗಿಲಿಗೆ ಮೂರು ಬೆರಳು ವಿಭೂತಿ ಎಳೆದು, ಅದೇ ಬೆರಳುಗಳಿಂದ ಗ್ಲೋವ್ಸ್ ಎಳೆದುಕೊಂಡು ಗಾಜು ಹಿಡಿಯುತ್ತೀರಿ. ಬೂದಿ ಬಿದ್ದಲ್ಲಿ, ಕೊಳವೆ ಮೊಳೆಯಲೆಂದು ಗಾಜಿಗೆ ಹಚ್ಚಿದ ನಿಕ್ಕಲ್ ಪದರ ಕೆಡುತ್ತದೆ. ಕೆಟ್ಟ ಪದರದ ಮೇಲೆ ಕೊಳವೆ ನೆಟ್ಟಗೆ ಏಳುವುದಿಲ್ಲ. ನೀವು ಚಹಾಕ್ಕೆ ಹೋದಾಗ ನಾನು ಬಾಗಿಲು ಒರೆಸಿ, ನೀವಿಟ್ಟ ಗಾಜು ತೆಗೆದು ಬೇರೆ ಇಡುತ್ತಿದ್ದೆ. ನೀವು ಅಚ್ಚು ಹಾಕಿಸಿದ ಒಂದೊಂದು ಚಿತ್ರವೂ ನಾನಿಟ್ಟ ಗಾಜಿನದು.

ನಿಮ್ಮ ಮನಸ್ಸು ನೋಯಬಾರದೆಂದು ಮೊದಲು ಹೇಳಲಿಲ್ಲ. ಆಮೇಲೆ ಹೇಳದೇ ಇದ್ದದ್ದು, ನಿಮಗೆ ಗೊತ್ತಿಲ್ಲದ್ದು ಒಂದಾದರೂ ನನ್ನ ಹತ್ತಿರ ಇರಲಿ ಎಂಬ ಹೊಟ್ಟೆಕಿಚ್ಚಿಗೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ನಿಮ್ಮ ತಪ್ಪು ಒಪ್ಪಲು ನಿಮಗೆ ಬಾಯಿ ಇದೆಯೇ?

ನೋಟ್‌ಬುಕ್ ಕಳಿಸುವುದಿಲ್ಲ. ಪ್ರಬಂಧಕ್ಕೆ ತಿದ್ದುಪಡಿ ಕಳಿಸಿ, ನನ್ನ ಹೆಸರು ಮೊದಲು ಬರಲಿ. ಇಲ್ಲವಾದರೆ ಎಲ್ಲವನ್ನೂ ತಾರೀಖಿನ ಸಮೇತ ನಮ್ಮಿಬ್ಬರ ಸಂಶೋಧನೆಯ ಗೈಡ್ ಸರ್ ಮುಂದೆ ಇಡುತ್ತೇನೆ.

ನಿಮ್ಮವಳಲ್ಲದ,
ವಿದ್ಯಾವತಿ

ತಾ.ಕ.: ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಕೇಳಿ ಮುಗಿಸಿ ಹಾಸಿಗೆಯಿಂದ ಎದ್ದವರು, ಕೋಲಿಲ್ಲದೆ ಅಡುಗೆಮನೆಗೆ ನಡೆದುಹೋಗಿ ನನಗೆ ನೀರು ತಂದುಕೊಟ್ಟರು. ವರ್ಷದ ಹಿಂದೆಯೇ ಸೊಂಟ ಕೂಡಿತ್ತಂತೆ. “ಪ್ರಬಂಧಾ ಅಚ್ಚಾಗೋ ತನಕಾ ಮಲಕ್ಕೊಂಡೇ ಇರವ್ವಾ, ಆಕಿಗಿ ಪುಣೆಗಿ ಬಿಡಬ್ಯಾಡ ಅಂತ ಅಂವಾನೇ ಫೋನ್ ಮಾಡಿದ್ದ. ಆಮ್ಯಾಲ ನಿನ್ನ ಮುಂದ ಏಳಲಾಕ ನನಗ ನಾಚಿಕಿ ಬಂತು” ಎಂದು ಅತ್ತರು. ಡಿಸೆಂಬರ್ ಒಂಬತ್ತನೇ ತಾರೀಖಿನ ಪುಣೆಯ ಎಸ್‌ಟಿ ಬಸ್ಸಿಗೆ ಎರಡು ಸೀಟು ಹಿಡಿಸಿದ್ದೇನೆ. ಹತ್ತರಂದು ಕಂಪನಿಯವರ ಮುಂದೆ ಗಾಜು ನಾನಿಡುತ್ತೇನೆ. ಅವ್ವ ನನ್ನ ಪಕ್ಕದಲ್ಲಿ ನಿಂತಿರುತ್ತಾರೆ.