ದಡದ ಮೇಲೆ ಹೂವಿನ ಬೆಡ್‌ಶೀಟು

ಹಡಗಿನಿಂದ,
ಏಪ್ರಿಲ್ ೧೮, ಗುರುವಾರ

ನನ್ನ ಮುದ್ದು ಚಿನಕುರಳಿಗೆ ಅಪ್ಪನ ಪ್ರೀತಿಯ ನೆನಪುಗಳು.

ಇಲ್ಲಿ ನಾನೂ ನನ್ನ ಬಟ್ಟೆ ಒಗೆಯುವ ಯಂತ್ರಗಳೂ ಕ್ಷೇಮ. ಅಲ್ಲಿ ನೀನು, ನಿಮ್ಮಮ್ಮ, ಅಜ್ಜಿ, ಅಜ್ಜಿಯ ಮೊಣಕಾಲು ಎಲ್ಲವೂ ಚೆನ್ನಾಗಿರಬೇಕೆಂದು ನನ್ನ ಹಾರೈಕೆ. ಬಂದರಿನಲ್ಲಿ ನಿಮ್ಮನ್ನು ನೋಡಿದ ಮರುದಿನವೇ ಬರೆಯಬೇಕಿತ್ತು, ತಡವಾಯಿತು. ಮೂತಿ ಊದಿಸಿಕೊಂಡು ಕೂರಬೇಡ. ಫೋನಿನಲ್ಲಿ ಹೇಳೋಣವೆಂದರೆ ನಡುಸಮುದ್ರದಲ್ಲಿ ಅದು ಅರ್ಧ ಮಾತಿಗೇ ಕೈಕೊಡುತ್ತದೆ. ಅದೂ ಅಲ್ಲದೆ ಕೆಲವು ಮಾತು ಬರೆದರೇ ಸರಿ.

"ನಿಮ್ಮಪ್ಪ ದಿನಾ ಸಮುದ್ರ ನೋಡ್ತಾರಾ?" ಎಂದು ನಿನ್ನ ಗೆಳತಿಯರು ಕೇಳುತ್ತಾರಂತೆ. ಎಲ್ಲಿಯ ಸಮುದ್ರ! ಮೇಲಿನ ಅಂತಸ್ತುಗಳಲ್ಲಿ ಈಜುಕೊಳ, ನಾಟಕಶಾಲೆ, ಜಾರುಬಂಡಿ ಏನೇನೋ ಇವೆ. ನಮ್ಮ ಲಾಂಡ್ರಿ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಅಲ್ಲಿ ಕಿಟಕಿಯೇ ಇಲ್ಲ. ಹಡಗು ಎಲ್ಲಿದೆ ಎನ್ನುವುದು ನಮಗೆ ತಿಳಿಯುವುದು ಒಗೆಯಲು ಬರುವ ಬಟ್ಟೆಯಿಂದ. ಮರಳು ಮೆತ್ತಿದ ಟವೆಲು ರಾಶಿ ಬಿದ್ದರೆ ಬಿಸಿಲಿನ ದ್ವೀಪಗಳ ಕಡೆ ಇದ್ದೇವೆ ಎಂದರ್ಥ. ಕಂಬಳಿಗಳು ಬರತೊಡಗಿದರೆ ಮಂಜಿನ ಬೆಟ್ಟಗಳ ಹತ್ತಿರ. ಚಳಿಗಾಲವೆಲ್ಲ ಬಿಸಿಲಿನ ದ್ವೀಪಗಳಲ್ಲಿ, ಬೇಸಿಗೆಯೆಲ್ಲ ಮಂಜಿನ ಬೆಟ್ಟಗಳ ಕಡೆ. ನೀನು ಹೇಳು, ನಮ್ಮ ಹಡಗಿಗಿಂತ ಸುಖಿ ಯಾರಿದ್ದಾರೆ?

ಹೀಗೆ ಆ ಕಡೆಯಿಂದ ಈ ಕಡೆಗೆ ದಾಟುವಾಗ ಈ ವರ್ಷ ಮೊದಲ ಸಲ ನಮ್ಮ ಬಂದರಿಗೆ ಹೋಗುತ್ತದೆಂದು ಕೇಳಿ ಕುಣಿದಾಡಿಬಿಟ್ಟೆ. ಇದೊಂದು ಸೀಸನ್, ಇನ್ನೊಂದೇ ಒಂದು ಸೀಸನ್ ಎನ್ನುತ್ತ ನಿನ್ನನ್ನು ನೋಡಿ ಮೂರು ವರ್ಷವಾಗಿತ್ತಲ್ಲ. ಆದರೆ ಲಾಂಡ್ರಿ ಮೇಸ್ತ್ರಿ ತಣ್ಣೀರು ಎರಚಿದರು. "ಅವತ್ತು ಹಳಬರು ಇಳೀತಾರೆ, ಹೊಸ ಪ್ರಯಾಣಿಕರು ಹತ್ತುತಾರೆ. ಎಲ್ಲಾ ರೂಮಿನ ಬೆಡ್‌ಶೀಟು ಒಟ್ಟಿಗೇ ನಮ್ಮ ತಲೆ ಮೇಲೆ ಬೀಳುತ್ತೆ. ದಡಕ್ಕೆ ಬಿಡೋ ಮಾತೇ ಇಲ್ಲ. ಬೇಕಾದ್ರೆ ಹಡಗು ಹೊರಡೋ ಹೊತ್ತಿಗೆ ಮೇಲೆ ಹೋಗಿ ಕೈ ಬೀಸಿ ಬಾ" ಎಂದರು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಅಷ್ಟು ಎತ್ತರದಿಂದ ದಡದ ಜನ ಎಳ್ಳಿನಷ್ಟು ಕಾಣುತ್ತಾರೆ. ಅದಕ್ಕೇ ಬಿಳಿ ಬೆಡ್‌ಶೀಟು ಎತ್ತಿ ಹಿಡಿಯಿರಿ ಎಂದು ನಿಮ್ಮಮ್ಮನಿಗೆ ಹೇಳಿದ್ದು. ಬಟ್ಟೆ ಒಗೆಯುವವನ ತಲೆಗೆ ಇನ್ನೇನು ಹೊಳೆಯುತ್ತದೆ!

ಆ ಸಂಜೆ ಒದ್ದೆ ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತಿ ಓಡಿದೆ. ಫೋನು ಕೆಳಗೇ ಉಳಿಯಿತು. ನೋಡಿದರೆ ಬಂದರಿನ ಬೇಲಿಯಾಚೆ ಬಿಳಿ ಬಟ್ಟೆ ಪಟಪಟ ಬಡಿಯುತ್ತಿದೆ! ಎರಡೂ ಕೈ ಎತ್ತಿ ಬೀಸಿದೆ, ಗಂಟಲು ಹರಿಯುವಂತೆ ಕೂಗಿದೆ, ಅತ್ತೂಬಿಟ್ಟೆ. ಆ ಕಡೆಯಿಂದಲೂ ಕೈ ಬೀಸಿದರು. ಅಷ್ಟರಲ್ಲಿ, ಅಲ್ಲೇ ಕಂಬಿಗೆ ಬಣ್ಣ ಬಳಿಯುತ್ತಿದ್ದ ನನ್ನ ಗೆಳೆಯ ದುರ್ಬೀನು ತಂದು ನೋಡಿ, "ಲೋ, ನಿನ್ನ ಹೆಂಡ್ತಿಗೆ ಮೀಸೆ ಇದೆಯೇನೋ?" ಅಂದ. ಕಸಿದುಕೊಂಡು ನೋಡಿದೆ. ಹೋಟೆಲಿನ ಮಾಣಿಯೊಬ್ಬ ಮೇಜಿನ ಬಟ್ಟೆ ಕೊಡವುತ್ತಿದ್ದಾನೆ! ಯಾರೋ ಅಷ್ಟೊಂದು ಅಕ್ಕರೆಯಿಂದ ಕೈ ಬೀಸುತ್ತಿದ್ದಾರಲ್ಲ ಎಂದು ಪಾಪ, ಅವನೂ ಬೀಸಿದ್ದಾನೆ.

ಗೆಳೆಯನೇ ಮತ್ತೆ, "ಅಲ್ನೋಡು, ಆ ಕಡೆ ಯಾರೋ ಹೂವಿನ ಬೆಡ್‌ಶೀಟು ಹಿಡ್ಕೊಂಡು ನಿಂತಿದಾರೆ" ಅಂದ. ಹೌದು, ನಿಮ್ಮಮ್ಮ! ಬಿಳಿಯದನ್ನು ಯಾಕೆ ತರಲಿಲ್ಲ ಎಂದು ಆಮೇಲೆ ಫೋನಿನಲ್ಲಿ ಕೇಳಿದರೆ, "ಆ ಧೂಳಲ್ಲಿ ಬಿಳೀದು ಹಿಡಿದ್ರೆ ಒಗೆಯೋರು ಯಾರು? ನೀವು ಬರ್ತೀರಾ?" ಎನ್ನಬೇಕೆ! ಅಜ್ಜಿಯಂತೂ "ಇದೇನು ಹಡಗೋ, ಊರೋ" ಎಂದು ಬಾಯಿ ಬಿಟ್ಟುಕೊಂಡೇ ನಿಂತಿದ್ದರಂತೆ. ಹಡಗು ದಡ ಬಿಟ್ಟು ತಿರುಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ನಿನ್ನನ್ನು ಕಣ್ತುಂಬ ನೋಡಿದೆ.

ಈಗ ಕಂಬಳಿಗಳು ಬರತೊಡಗಿವೆ. ಈ ಸೀಸನ್ನಿಗೂ ನಿಲ್ಲು, ಇಸ್ತ್ರಿ ವಿಭಾಗವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ಮೇಸ್ತ್ರಿ ಬೆನ್ನು ಬಿದ್ದಿದ್ದಾರೆ. ನಿಮ್ಮಮ್ಮನನ್ನು ಕೇಳಿದರೆ "ನಿಮಗೆ ತೋಚಿದ ಹಾಗೆ ಮಾಡಿ" ಎಂದಳು. ಅವಳು ಹಾಗೆಂದರೆ ಏನರ್ಥವೆಂದು ನಮ್ಮಿಬ್ಬರಿಗೂ ಗೊತ್ತು.

ಅಮ್ಮನ ಹತ್ತಿರ ವಾದ ಕಡಿಮೆ ಮಾಡು. ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಎಲ್ಲಿದ್ದರೂ ನಗುನಗುತ್ತಾ ಇರು ಕಂದಾ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಕಣ್ತುಂಬ ನೋಡಿದೆ ಎಂದು ಬರೆದೆನಲ್ಲ, ಅದು ಸುಳ್ಳು. ದುರ್ಬೀನಿನಲ್ಲಿ ನಿಮ್ಮಮ್ಮ ಕಂಡಳು, ಅಜ್ಜಿ ಕಂಡರು. ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಎತ್ತರದ ಹುಡುಗಿಯೊಬ್ಬಳು ಹಿಡಿದಿದ್ದಳು, ಗಾಳಿಗೆ ಕೂದಲು ಮುಖದ ಮೇಲೆಲ್ಲ ಹಾರುತ್ತಿತ್ತು. ಯಾರೋ ಸಹಾಯಕ್ಕೆ ನಿಂತಿದ್ದಾಳೆ, ಒಳ್ಳೆಯ ಹುಡುಗಿ ಎಂದುಕೊಂಡು ಅವಳನ್ನು ದಾಟಿ, ನಿಮ್ಮಮ್ಮನ ಸೊಂಟದ ಎತ್ತರದಲ್ಲಿ ನಿನ್ನನ್ನು ಹುಡುಕಿದೆ. "ಮಗಳೆಲ್ಲೋ?" ಎಂದು ಗೆಳೆಯ ಕೇಳಿದ್ದಕ್ಕೆ "ಬಂದಿಲ್ಲ ಅಂತ ಕಾಣುತ್ತೆ" ಅಂದೆ. ಫೋನಿನಲ್ಲಿ ಕಾಣುವುದು ಮುಖವೊಂದೇ, ಎತ್ತರ ಕಾಣುವುದಿಲ್ಲ. "ತೋಳು ಸೋತು ಹೋದ್ರೂ ನಿಮ್ಮ ಮಗಳು ಆ ತುದಿ ಕೆಳಗಿಳಿಸಲಿಲ್ಲ" ಎಂದು ನಿಮ್ಮಮ್ಮ ಹೇಳಿದಾಗಲೇ ನನಗೆ ತಿಳಿದದ್ದು. ಈ ಕಾಗದ ಬರೆದು ಮುಗಿಸಿದವನೇ ಹೋಗಿ, ಇನ್ನು ನನ್ನಿಂದಾಗುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿ ಬಂದಿದ್ದೇನೆ. ಈ ಪ್ರಯಾಣ ಮುಗಿದ ಕೂಡಲೇ ಊರಿಗೆ ಬರುತ್ತೇನೆ. ನೀನು ವಿಮಾನ ನಿಲ್ದಾಣಕ್ಕೆ ಬಾ. ಅಷ್ಟು ಜನರ ನಡುವೆ ನಾನು ಪೆಚ್ಚಾಗಿ ಅತ್ತಿತ್ತ ನೋಡುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡ. ನೀನೇ ಮೊದಲು ‘ಅಪ್ಪಾ’ ಎಂದು ಕೂಗು.